ಕಾರ್ಡೋವನ್ ಟ್ಯಾಬ್, ಎರಡು ವರ್ಷದ ನಂತರ: ಹೆದೆ ಕೊರೆದ ಗೆರೆ

ಬಿಲ್ಲಿನ ಹೆದೆ ಎಳೆಯುವ ಬೆರಳುಗಳಿಗೆ ಹಾಕಿಕೊಳ್ಳುವ ಈ ಚರ್ಮದ ಟ್ಯಾಬ್ ಕೊಂಡು ಎರಡು ವರ್ಷ ಆಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಸುಮಾರು 60 ಬಾಣ. ನನ್ನದು 35 ಪೌಂಡ್ ಎಳೆತದ ಮರದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಗುರಿ ನೋಡುವ ಸೈಟ್ ಇಲ್ಲ, ಪೂರ್ತಿ ಎಳೆದಾಗ ಸದ್ದು ಮಾಡಿ ತಿಳಿಸುವ ಕ್ಲಿಕ್ಕರ್ ಇಲ್ಲ. ಹೆದೆಗೂ ನನಗೂ ನಡುವೆ ಇರುವುದು ಈ ಚರ್ಮದ ತುಂಡು ಒಂದೇ. ಅಳತೆ, ಪದರ ಎಲ್ಲ ಡಬ್ಬಿಯ ಮೇಲೇ ಇದೆ, ಅದನ್ನು ಬಿಡೋಣ. ನಾನು ಹೇಳಬೇಕಿರುವುದು ಈ ಚರ್ಮದ ಮೇಲೆ ಬಿದ್ದ ಗೆರೆಯ ಬಗ್ಗೆ.

ಮೊದಲ ತಿಂಗಳು ನನಗೆ ಇದರ ಮೇಲೆ ಸಿಟ್ಟೇ ಜಾಸ್ತಿ ಇತ್ತು. ಕಾರ್ಡೋವನ್ ಅಂದರೆ ಕುದುರೆಯ ಹಿಂಭಾಗದ ಚರ್ಮ. ನುಣುಪಾಗಿದೆ, ಆದರೆ ಹೊಸದರಲ್ಲಿ ಹಲಗೆಯ ಹಾಗೆ ಬಿರುಸು. ಅದಕ್ಕೂ ಮುಂಚೆ ನಾನು ಕೈಗವಸು ಹಾಕಿ ಬಾಣ ಬಿಡುತ್ತಿದ್ದೆ. ಟ್ಯಾಬ್‌ಗೆ ಬದಲಾದ ದಿನದಿಂದ ಬಾಣಗಳೆಲ್ಲ ಎಡಕ್ಕೆ ಹೋಗತೊಡಗಿದವು. ಕಾರಣ ಗೊತ್ತಾಗಲು ಮೂರು ವಾರ ಬೇಕಾಯಿತು. ಚರ್ಮ ಬೆರಳ ತುದಿಯಿಂದ ಅರ್ಧ ಇಂಚು ಹೊರಗೆ ಚಾಚಿಕೊಂಡಿತ್ತು. ಬಿಟ್ಟ ಹೆದೆ ಅಷ್ಟು ಚರ್ಮವನ್ನು ಪಕ್ಕಕ್ಕೆ ತಳ್ಳಿಕೊಂಡೇ ಹೋಗಬೇಕು. ನಮ್ಮ ಕೈಗೆ ತಕ್ಕಂತೆ ಕತ್ತರಿಸಿಕೊಳ್ಳಲಿ ಅಂತ ಉದ್ದ ಬಿಟ್ಟಿರುತ್ತಾರಂತೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡಬಹುದಿತ್ತು, ಅಲ್ವಾ?

ಕತ್ತರಿಸುವಾಗ ಅವಸರ ಬೇಡ. ಹೆದೆಗೆ ಬೆರಳು ಕೊಕ್ಕೆ ಹಾಕಿ ಸ್ವಲ್ಪ ಎಳೆದು ಹಿಡಿಯಿರಿ, ಬೇರೊಬ್ಬರು ಬೆರಳ ತುದಿಯ ನೇರಕ್ಕೆ ಪೆನ್ಸಿಲ್ ಗುರುತು ಹಾಕಲಿ. ಕೈ ಬಿಚ್ಚಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ನಾನು ದಿನಕ್ಕೆ ಒಂದು ಸಣ್ಣ ಎಳೆಯಷ್ಟೇ ತೆಗೆದು, ಮೂರು ದಿನ ಬಾಣ ಬಿಟ್ಟು ನೋಡುತ್ತ ಮುಗಿಸಿದೆ.

ಮೂರನೇ ತಿಂಗಳ ಹೊತ್ತಿಗೆ ಚರ್ಮ ಮೆತ್ತಗಾಯಿತು. ಆಗಲೇ ಆ ಗೆರೆ ಕಣ್ಣಿಗೆ ಬಿತ್ತು.

ನಾನು ಒಂದು ಬೆರಳು ನಾಕ್‌ನ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ಮೇಲೆ, ಎರಡು ಕೆಳಗೆ ಇಟ್ಟು ಎಳೆಯುವವನು. ಮೂರೂ ಬೆರಳು ಮೊದಲ ಗೆಣ್ಣಿನ ಗೆರೆಯಲ್ಲೇ ಹೆದೆಯನ್ನು ಹಿಡಿಯುತ್ತಿವೆ ಅಂತ ನಂಬಿದ್ದೆ. ಚರ್ಮ ಬೇರೆಯೇ ಹೇಳಿತು. ತೋರುಬೆರಳಿನ ಕಡೆ ಗುರುತು ತುದಿಯ ಹತ್ತಿರ ಇತ್ತು, ನಡುಬೆರಳಿನ ಜಾಗದಲ್ಲಿ ಆಳವಾಗಿ ಗೆಣ್ಣಿನ ಮೇಲೆ. ಉಂಗುರಬೆರಳಿನ ಕಡೆ ಗುರುತೇ ಇಲ್ಲ ಅನ್ನುವಷ್ಟು ತೆಳು. ಪೂರ್ತಿ ಎಳೆದ ಹೊತ್ತಿಗೆ ಆ ಬೆರಳು ಕೆಲಸ ಬಿಟ್ಟಿರುತ್ತಿತ್ತು. 35 ಪೌಂಡ್ ಅಂದರೆ ಹತ್ತಿರ ಹತ್ತಿರ 16 ಕಿಲೋ. ಅಷ್ಟನ್ನೂ ಎರಡೇ ಬೆರಳು ಹೊರುತ್ತಿದ್ದವು, ಹೆದೆ ತಿರುಚಿಕೊಳ್ಳುತ್ತಿತ್ತು. ರಾತ್ರಿ ನಡುಬೆರಳ ತುದಿ ಜೋಮು ಹಿಡಿಯುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು.

ಇಷ್ಟು ನೇರವಾಗಿ ಯಾವ ವಸ್ತುವೂ ನನಗೆ ನನ್ನ ತಪ್ಪು ತೋರಿಸಿರಲಿಲ್ಲ. ಗವಸಿನಲ್ಲಿ ಮೂರು ಬೆರಳ ಗುರುತು ಬೇರೆ ಬೇರೆಯಾಗಿ ಬೀಳುತ್ತದೆ. ಟ್ಯಾಬ್‌ನಲ್ಲಿ ಮೂರೂ ಅಕ್ಕಪಕ್ಕ ಬರುವುದರಿಂದ ಗೆರೆ ಓರೆಯಾದರೆ ತಕ್ಷಣ ಕಾಣುತ್ತದೆ.

ಅಲ್ಲಿಂದ ಒಂದು ಪದ್ಧತಿ ಶುರುವಾಯಿತು, ಇವತ್ತಿಗೂ ಬಿಟ್ಟಿಲ್ಲ. ಮೊದಲ 20 ಬಾಣ ಗುರಿಹಾಳೆಯೇ ಇಲ್ಲದೆ, ಎರಡು ಮೀಟರ್ ದೂರದ ದಪ್ಪ ದಿಂಡಿಗೆ. ಬಾಣ ಹೂಡಿ, ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಕಣ್ಣು ಮುಚ್ಚುತ್ತೇನೆ. ಉಂಗುರಬೆರಳನ್ನು ಮೊದಲು ಕೂರಿಸಿ, ಆಮೇಲೆ ಉಳಿದೆರಡು. ಕೊಕ್ಕೆ ಆಳವಾಗಿರಲಿ, ಕೈಯ ಹಿಂಭಾಗ ಚಪ್ಪಟೆಯಾಗಿರಲಿ, ಹೆಬ್ಬೆರಳು ಸುಮ್ನೆ ಒಳಗೆ ಮಲಗಿರಲಿ. ತುಟಿಯ ಮೂಲೆಗೆ ಬೆರಳು ತಾಗಿದ ಮೇಲೂ ಬೆನ್ನಿನ ಎಳೆತ ನಿಲ್ಲಬಾರದು. ಬಿಡುವಾಗ ಬೆರಳನ್ನು ಬಿಚ್ಚುವುದಲ್ಲ, ಹಿಡಿತ ಸಡಿಲಿಸುವುದು ಅಷ್ಟೇ. ಬೆರಳನ್ನು ಹೆದೆಯೇ ಸರಿಸಿಕೊಂಡು ಹೋಗುತ್ತದೆ, ನಾವು ಎಷ್ಟು ಬೇಗ ಬಿಚ್ಚಿದರೂ ಅದರ ವೇಗ ನಮಗೆ ಬರುವುದಿಲ್ಲ. ಸರಿಯಾಗಿ ಬಿಟ್ಟಾಗ ಕೈ ತಾನಾಗಿ ಕೆನ್ನೆ ಸವರಿಕೊಂಡು ಕಿವಿಯ ಕೆಳಗೆ ಬಂದು ನಿಲ್ಲುತ್ತದೆ. ಬೆರಳಿಂದ ಕಿತ್ತು ತೆಗೆದರೆ ಕೈ ಹೊರಗೆ ಹಾರುತ್ತದೆ, ಬಲಗೈಯವರ ಬಾಣ ಎಡಕ್ಕೆ ಹೋಗುತ್ತದೆ. ನನ್ನ ಎಡಬಾಣಗಳಲ್ಲಿ ಅರ್ಧ ಪಾಲು ಚರ್ಮದ್ದು, ಅರ್ಧ ನನ್ನದು.

ಆರನೇ ತಿಂಗಳಿಗೆ ಹಳೆಯ ಓರೆ ಗೆರೆಯ ಪಕ್ಕದಲ್ಲಿ ಹೊಸ ನೇರ ಗೆರೆ ಮೂಡಿತು. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಆದ ಸಂತೋಷ ಯಾವ ಸ್ಕೋರ್ ನೋಡಿದಾಗಲೂ ಆಗಿಲ್ಲ.

1885ರಲ್ಲಿ ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಬಾಣ ಬಿಡುವ ರೀತಿಗಳನ್ನು ಐದಾಗಿ ವಿಂಗಡಿಸಿದ. ನಾನು ಎಳೆಯುವ ರೀತಿಗೆ ಅವನಿಟ್ಟ ಹೆಸರು ಮೆಡಿಟರೇನಿಯನ್. ಹೆಬ್ಬೆರಳಿನಲ್ಲಿ ಎಳೆಯುವ ಮಂಗೋಲಿಯನ್ ರೀತಿಯವರಿಗೆ ಈ ಟ್ಯಾಬ್ ಉಪಯೋಗಕ್ಕೆ ಬರುವುದಿಲ್ಲ, ಅವರಿಗೆ ಹೆಬ್ಬೆರಳ ಉಂಗುರ ಬೇಕು. ಮೂರೂ ಬೆರಳನ್ನು ನಾಕ್‌ನ ಕೆಳಗಿಡುವವರು, ನಾಕ್‌ಗಾಗಿ ಬಿಡುವ ಸೀಳು ಇಲ್ಲದ ಟ್ಯಾಬ್ ತೆಗೆದುಕೊಳ್ಳಲಿ. ಗೆರೆ ಓದುವ ಕೆಲಸ ಅವರಿಗೂ ಇದೇ.

ಇನ್ನು ಬೇಸರದ ವಿಷಯ. ಎಂಟನೇ ತಿಂಗಳಲ್ಲಿ ತೋರುಬೆರಳು, ನಡುಬೆರಳುಗಳನ್ನು ದೂರ ಇಡುವ ಸ್ಪೇಸರ್‌ನ ಅಂಟು ಬಿಟ್ಟಿತು. ಅದಿಲ್ಲದಿದ್ದರೆ ಬೆರಳುಗಳು ನಾಕ್ ಅನ್ನು ಹಿಂಡುತ್ತವೆ, ಬಾಣ ಬಿಲ್ಲಿನ ಮೇಲೆ ಅದು ಕೂರುವ ರೆಸ್ಟ್‌ನಿಂದ ಏಳುತ್ತದೆ. ನಾನೇ ದಾರ ಹಾಕಿ ಹೊಲಿದೆ, ಇನ್ನೂ ಗಟ್ಟಿಯಾಗಿದೆ. ಮಳೆಯಲ್ಲಿ ನೆನೆದರೆ ಚರ್ಮ ಅಂಟಂಟಾಗುತ್ತದೆ. ನೆರಳಲ್ಲಿ ಒಣಗಿಸಿ ಟಾಲ್ಕಂ ಪೌಡರ್ ಸವರಿದರೆ ಸರಿಹೋಗುತ್ತದೆ.

ಆದರೆ ದೊಡ್ಡ ತೊಂದರೆ ಆ ಗೆರೆಯಿಂದಲೇ ಬಂತು. ಒಂದೂವರೆ ವರ್ಷ ದಾಟಿದ ಮೇಲೆ ಎರಡೂ ಗೆರೆ ಆಳವಾದವು. ದಣಿದ ದಿನ ಹೆದೆ ಹಳೆಯ ಓರೆ ಗೆರೆಗೇ ಜಾರಿ ಕೂರುತ್ತದೆ. ಆಳದಿಂದ ಹೊರಬರುವಾಗ ಚರ್ಮದ ಅಂಚಿಗೆ ತಡೆಯುತ್ತದೆ, ಬಾಣ ಮತ್ತೆ ಎಡಕ್ಕೆ. ನಾನು ತಿದ್ದಿಕೊಂಡರೂ ಚರ್ಮ ಮರೆಯಲಿಲ್ಲ. ಇದನ್ನು ತಯಾರಕರ ದೋಷ ಅನ್ನಲಾರೆ, ಆದರೆ ಮುಖದ ಚರ್ಮವನ್ನಷ್ಟೇ ಬದಲಾಯಿಸಲು ಬರುವಂತೆ ಸ್ಕ್ರೂ ಕೊಟ್ಟಿದ್ದರೆ ಪೂರ್ತಿ ಟ್ಯಾಬ್ ಇನ್ನೊಮ್ಮೆ ಕೊಳ್ಳುವ ಖರ್ಚು ಉಳಿಯುತ್ತಿತ್ತು. ಕೈ ಹಿಡಿದು ಖರ್ಚು ಮಾಡುವ ನನಗೆ ಅದು ದೊಡ್ಡ ಮಾತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೇರೆ ಟ್ಯಾಬ್‌ಗಳನ್ನು ನೋಡಿದೆ, ಕೊನೆಗೆ ಕೊಂಡದ್ದು ಇದನ್ನೇ. ಹೊಸದು ಕಳೆದ ವಾರ ಬಂತು, ಪೆನ್ಸಿಲ್ ಗುರುತು ಹಾಕಿ ಎರಡು ಎಳೆ ಕತ್ತರಿಸಿದ್ದೇನೆ, ಇನ್ನೊಂದು ಬಾಕಿ ಇದೆ. ಇನ್ನೂ ಒಂದು ಗೆರೆಯೂ ಬಿದ್ದಿಲ್ಲ. ಈ ಸಲ ಪ್ರತಿ ಬಾಣಕ್ಕೂ ಉಂಗುರಬೆರಳನ್ನೇ ಮೊದಲು ಕೂರಿಸುತ್ತಿದ್ದೇನೆ.