ಓಟದ ಟ್ರ್ಯಾಕ್ ಇರುವ ಕ್ರೀಡಾಂಗಣದಲ್ಲಿ ಫುಟ್‌ಬಾಲ್: ಸೀಸನ್ ಟಿಕೆಟ್ ಕೊಳ್ಳುವ ಮುನ್ನ ಓದಿ

ರೇಟಿಂಗ್: ಉದ್ದ ಬದಿಯ ಮೇಲಿನ ಸಾಲುಗಳಿಗೆ ಐದಕ್ಕೆ ಮೂರೂವರೆ. ಗೋಲಿನ ಹಿಂದಿನ ಸೀಟುಗಳಿಗೆ ಒಂದು, ಅದೂ ಅಕ್ಕಪಕ್ಕದಲ್ಲಿ ಹಾಡುವ ಅಭಿಮಾನಿಗಳ ಗುಂಪಿದ್ದರೆ.

ಇಂಥ ಕ್ರೀಡಾಂಗಣದ ಮೇಲಿರುವ ಸಾಮಾನ್ಯ ದೂರು ‘ಆಟ ದೂರ ಕಾಣುತ್ತದೆ’ ಅನ್ನುವುದು. ದೂರು ನಿಜ, ಆದರೆ ಆ ದೂರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಉದ್ದ ಬದಿಯಲ್ಲಿ ಕೂತರೆ ನಷ್ಟ ಸಹಿಸುವಷ್ಟಿರುತ್ತದೆ. ಗೋಲಿನ ಹಿಂದೆ ಕೂತರೆ ಅರ್ಧ ಆಟವೇ ಕೈತಪ್ಪುತ್ತದೆ. ಟಿಕೆಟ್ ಕಿಟಕಿಯಲ್ಲಿ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಲೆಕ್ಕ ಹೀಗಿದೆ. 400 ಮೀಟರಿನ ಪ್ರಮಾಣಿತ ಟ್ರ್ಯಾಕ್‌ನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಅಂದರೆ ಟ್ರ್ಯಾಕ್‌ನ ಒಳಗಿನ ಅಗಲ 73 ಮೀಟರ್. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನ ಇಟ್ಟರೆ ಪ್ರತಿ ಬದಿಗೆ ಉಳಿಯುವುದು ಎರಡೂವರೆ ಮೀಟರ್. ಒಂದು ಲೇನ್ 1.22 ಮೀಟರ್, ಎಂಟು ಲೇನ್ ಸೇರಿದರೆ 9.76. ಹೀಗೆ ಮೈದಾನದ ಉದ್ದ ಬದಿಯ ಗೆರೆಯಾದ ಟಚ್‌ಲೈನ್‌ನಿಂದ ಟ್ರ್ಯಾಕ್‌ನ ಹೊರ ಅಂಚಿಗೆ ಸುಮಾರು 12 ಮೀಟರ್. ಇಷ್ಟಾದರೆ ಪರವಾಗಿಲ್ಲ. ಈಗ ಗೋಲಿನ ಕಡೆ ಬನ್ನಿ. ಮೈದಾನ ಆಯತ, ಟ್ರ್ಯಾಕ್ ದುಂಡು. ಗೋಲ್ ಲೈನ್‌ನಿಂದ ತಿರುವಿನ ನಡು ಒಳ ಅಂಚಿಗೇ 26 ಮೀಟರ್, ಎಂಟು ಲೇನ್ ದಾಟಿದರೆ 36, ಮೊದಲ ಸಾಲಿನ ಸೀಟು ಸಿಗುವಷ್ಟರಲ್ಲಿ 40ರ ಹತ್ತಿರ. ಎತ್ತರ ಜಿಗಿತದ ಅಂಕಣ, ಜಾವೆಲಿನ್ ಓಟದ ಪಟ್ಟಿ ಎಲ್ಲ ಕೂರುವುದು ಈ ಅರ್ಧಚಂದ್ರದ ಜಾಗದಲ್ಲೇ. ಹಾಗಾಗಿ ಅದನ್ನು ಕುಗ್ಗಿಸುವ ಮಾತೇ ಇಲ್ಲ.

ಅಲ್ಲಿ ಕೂತವರಿಗೆ ಏನು ಕಾಣುತ್ತದೆ? ಕಣ್ಣು ಮೈದಾನದ ಮಟ್ಟಕ್ಕಿಂತ ಎರಡೂವರೆ ಮೀಟರ್ ಮೇಲಿದೆ ಅಂದುಕೊಳ್ಳಿ. ಗೋಲಿನ ಅಡ್ಡಪಟ್ಟಿಯ ಎತ್ತರ 2.44 ಮೀಟರ್. ಅಂದರೆ ಅಡ್ಡಪಟ್ಟಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಪೆನಾಲ್ಟಿ ಬಾಕ್ಸಿನಲ್ಲಿ ಹತ್ತು ಜನ ಇದ್ದರೂ ಎಲ್ಲರೂ ಒಂದೇ ಗೆರೆಯಲ್ಲಿ ನಿಂತ ಹಾಗೆ. ಯಾರು ಮುಂದೆ, ಯಾರು ಹಿಂದೆ ಗೊತ್ತಾಗದು. ಆಚೆ ಗೋಲ್ ಲೈನ್ ನಿಮ್ಮಿಂದ 145 ಮೀಟರ್ ದೂರ, ನೋಟದ ಕೋನ ಒಂದು ಡಿಗ್ರಿ ಇದ್ದರೆ ಹೆಚ್ಚು. ಆ ತುದಿಯಲ್ಲಿ ಗೋಲ್ ಬಿದ್ದದ್ದು ಎದುರು ಸ್ಟ್ಯಾಂಡಿನವರು ಎದ್ದು ನಿಂತಾಗಲೇ ತಿಳಿಯುತ್ತದೆ. ಫುಟ್‌ಬಾಲ್ ಕ್ರೀಡಾಂಗಣಗಳ ವಿನ್ಯಾಸದಲ್ಲಿ ಅತಿ ದೂರದ ಮೂಲೆಯಿಂದ ಸೀಟಿಗೆ 190 ಮೀಟರ್ ಗರಿಷ್ಠ ಮಿತಿ ಎನ್ನುವುದುಂಟು. ಇಲ್ಲಿ ಗೋಲಿನ ಹಿಂದಿನ ಸ್ಟ್ಯಾಂಡ್ ನಲವತ್ತು ಮೀಟರ್ ಆಳವಿದ್ದರೆ ಹಿಂದಿನ ಸಾಲು ಆ ಗಡಿಯಲ್ಲೇ ಇರುತ್ತದೆ.

ಉದ್ದ ಬದಿಯಲ್ಲೂ ಮೊದಲ ಸಾಲುಗಳು ಬೇಡ. ‘ಮುಂದಿನ ಸಾಲು, ಹತ್ತಿರದ ನೋಟ’ ಎಂದು ಹೆಚ್ಚು ದುಡ್ಡು ಕೇಳುವ ಕಡೆ ವಿಶೇಷವಾಗಿ ಹುಷಾರಾಗಿರಿ. ಕಾರಣ, ಟಚ್‌ಲೈನ್‌ನಿಂದ ನಾಲ್ಕು ಮೀಟರ್ ಆಚೆ, ಟ್ರ್ಯಾಕ್ ಮೇಲೆಯೇ ಜಾಹೀರಾತಿನ ಎಲ್‌ಇಡಿ ಬೋರ್ಡು ನಿಲ್ಲಿಸುತ್ತಾರೆ, ಎತ್ತರ ಸುಮಾರು 90 ಸೆಂಟಿಮೀಟರ್. ಕಣ್ಣು ಎರಡು ಮೀಟರ್ ಎತ್ತರದಲ್ಲಿದ್ದು ಬೋರ್ಡಿನಿಂದ 12 ಮೀಟರ್ ಹಿಂದಿದ್ದರೆ, ಬೋರ್ಡಿನ ಆಚೆ ಸುಮಾರು ಹತ್ತು ಮೀಟರ್ ನೆಲ ಮರೆಯಾಗುತ್ತದೆ. ಅದರಲ್ಲಿ ಆರು ಮೀಟರ್ ಆಟದ ಮೈದಾನದ್ದು. ಬದಿಯಲ್ಲಿ ಆಡುವ ವಿಂಗರ್ ನಿಮ್ಮ ಮುಂದೆಯೇ ಓಡುತ್ತಾನೆ, ಚೆಂಡು ಕಾಣದು. ಮೇಲೇರಿದಷ್ಟೂ ಮರೆ ಕಡಿಮೆಯಾಗುತ್ತದೆ, ಆದರೆ ಸಾಲು ಹಿಂದೆಯೂ ಸರಿಯುತ್ತದೆ. ಸಾಲಿಗೆ 30 ಸೆಂಟಿಮೀಟರ್ ಏರಿ 80 ಸೆಂಟಿಮೀಟರ್ ಹಿಂದೆ ಸರಿಯುವ ಸ್ಟ್ಯಾಂಡಿನಲ್ಲಿ ಟಚ್‌ಲೈನ್ ಪೂರ್ತಿ ಕಾಣುವುದು ಸುಮಾರು ಹದಿನೈದನೇ ಸಾಲಿನಿಂದ. ನನ್ನ ಸಲಹೆ ಇಪ್ಪತ್ತನೇ ಸಾಲಿನಿಂದ ಮೇಲೆ, ಮಧ್ಯಗೆರೆಗೂ ಪೆನಾಲ್ಟಿ ಬಾಕ್ಸಿಗೂ ನಡುವೆ. ಅಲ್ಲಿಂದ ಎರಡೂ ತಂಡಗಳ ವ್ಯೂಹ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ, ಆಫ್‌ಸೈಡ್ ಗೆರೆ ಸಹ. ನಿಜ ಹೇಳಬೇಕೆಂದರೆ ಆಟದ ತಂತ್ರ ನೋಡುವವರಿಗೆ ಈ ಸೀಟು ಕೆಟ್ಟದ್ದೇನಲ್ಲ.

ಆಟಗಾರರಿಗೂ ತೊಂದರೆ ತಪ್ಪಿದ್ದಲ್ಲ. 105×68ರ ಮೈದಾನದ ಮೂಲೆಗಳು ತಿರುವಿನೊಳಗೆ ಎಷ್ಟು ಬಿಗಿಯಾಗಿ ಕೂರುತ್ತವೆಂದರೆ, ಕಾರ್ನರ್ ಧ್ವಜದಿಂದ ಟ್ರ್ಯಾಕ್‌ಗೆ ಒಂದು ಮೀಟರ್ ಕೂಡ ಇರುವುದಿಲ್ಲ. ಕಾರ್ನರ್ ಕಿಕ್ ತೆಗೆಯುವವನ ಓಟ ಟ್ರ್ಯಾಕ್ ಮೇಲಿಂದಲೇ ಶುರು. ಅದಕ್ಕೇ ಅಲ್ಲಿ ಕೃತಕ ಹುಲ್ಲಿನ ಹಾಸು ಹಾಸುತ್ತಾರೆ, ಟ್ರ್ಯಾಕ್‌ನ ಒಳ ಅಂಚಿನ ಐದು ಸೆಂಟಿಮೀಟರ್ ಎತ್ತರದ ಲೋಹದ ಪಟ್ಟಿಯನ್ನು ಪಂದ್ಯದ ದಿನ ಕಳಚಿಡಬೇಕಾಗುತ್ತದೆ. ಹಾಸಿನ ಜೋಡಣೆ ಸಡಿಲವಾಗಿದ್ದರೆ ಬೂಟಿನ ಅಡಿಯ ಮೊಳೆ (ಸ್ಟಡ್) ಸಿಕ್ಕಿಕೊಳ್ಳುತ್ತದೆ. ಹಾಡಿನ ಗುಂಪಿನ ಹತ್ತಿರದ ಮೂಲೆಯಲ್ಲಿ ಕಾರ್ನರ್ ಸಿಕ್ಕಿದರೂ ಆಟಗಾರನ ಬೆನ್ನಿಗೂ ಗುಂಪಿಗೂ ಮಧ್ಯೆ ಎಂಟು ಲೇನ್ ಖಾಲಿ. ಎದುರಾಳಿಗೆ ಹೆದರಿಕೆ ಹುಟ್ಟುವುದಾದರೂ ಎಲ್ಲಿಂದ?

ಸದ್ದಿನ ವಿಷಯ ಚಿಕ್ಕದು, ಆದರೆ ಹಾಡುವವರಿಗೆ ದೊಡ್ಡದು. ಎರಡು ತುದಿಗಳ ಗುಂಪುಗಳ ನಡುವೆ ಸುಮಾರು 230 ಮೀಟರ್ ಇದ್ದರೆ ಆಚೆಯ ಚಪ್ಪಾಳೆ ಈಚೆಗೆ ಮುಟ್ಟಲು ಸೆಕೆಂಡಿನ ಮೂರನೇ ಎರಡು ಭಾಗ ಬೇಕು. ನಿಮಿಷಕ್ಕೆ 120ರ ಲಯದಲ್ಲಿ ತಟ್ಟಿದರೆ ಅದು ನಿಮ್ಮ ಎರಡು ಚಪ್ಪಾಳೆಗಳ ನಡುವೆ ಬಂದು ಬೀಳುತ್ತದೆ. ಎರಡೂ ತುದಿ ಒಟ್ಟಿಗೆ ಹಾಡಬೇಕೆಂದರೆ ಡ್ರಮ್ ನೋಡಿ ತಟ್ಟಬೇಕು, ಕೇಳಿ ತಟ್ಟಬಾರದು.

ಹಾಗಾದರೆ ಮುಂದೆ ಸರಿಯುವ ಸೀಟು ಪರಿಹಾರವೇ? ಅರ್ಧ ಮಾತ್ರ. ಲಂಡನ್ ಸ್ಟೇಡಿಯಂಗೆ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ 2016ರಲ್ಲಿ ಬಂದಾಗ ಟ್ರ್ಯಾಕ್ ಮೇಲೆ ಕೆಳಹಂತದ ಸೀಟುಗಳನ್ನು ಮುಂದೆ ತಂದರು. ಮೇಲ್ಹಂತ ಇದ್ದಲ್ಲೇ ಉಳಿಯಿತು, ಎರಡರ ನಡುವೆ ಬಿರುಕಿನಂತೆ ಖಾಲಿ ಜಾಗ ಬಿತ್ತು. ಮೈದಾನದ ಸುತ್ತ ಹಾಸಿದ್ದ ಹಸಿರು ಕಾರ್ಪೆಟ್ ಬದಲಿಸಿ ಕ್ಲಬ್ಬಿನ ಬಣ್ಣ ಹಾಕಿಸಿಕೊಳ್ಳಲೂ ಜಗಳ ಆಡಬೇಕಾಯಿತು. ಬಣ್ಣ ಬದಲಾದ ಮಾತ್ರಕ್ಕೆ ದೂರ ಕಡಿಮೆಯಾಗುವುದಿಲ್ಲ. ಮೇಲಾಗಿ ಸೀಟು ಸರಿಸುವ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತದೆ. 2017ರ ಆಗಸ್ಟಿನಲ್ಲಿ ಅಲ್ಲಿ ವಿಶ್ವ ಅಥ್ಲೆಟಿಕ್ಸ್ ನಡೆದಾಗ ವೆಸ್ಟ್ ಹ್ಯಾಮ್ ಲೀಗಿನ ಮೊದಲ ಮೂರು ಪಂದ್ಯಗಳನ್ನೂ ಎದುರಾಳಿಗಳ ಮೈದಾನದಲ್ಲಿ ಆಡಬೇಕಾಯಿತು.

ಸರಿಯಾಗಿ ಮಾಡಿದ್ದು ಮ್ಯಾಂಚೆಸ್ಟರ್‌ನಲ್ಲಿ. 2002ರ ಕಾಮನ್‌ವೆಲ್ತ್ ಕ್ರೀಡಾಕೂಟ ಮುಗಿದ ಕೂಡಲೇ ಟ್ರ್ಯಾಕ್ ಕಿತ್ತು, ನೆಲ ಅಗೆದು ಮೈದಾನವನ್ನು ಕೆಳಗಿಳಿಸಿ, ಆ ಜಾಗದಲ್ಲಿ ಹೊಸದೊಂದು ಹಂತದ ಸೀಟು ಕಟ್ಟಿ, 2003ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಒಪ್ಪಿಸಿದರು. ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್ ಇದನ್ನೇ ತಿರುಗಿಸಿ ಮಾಡಿತು: 2014ರ ಕೂಟಕ್ಕೆ ಮುಂದಿನ ಎಂಟು ಸಾಲು ತೆಗೆದು, ಉಕ್ಕಿನ ಕಂಬಗಳ ಮೇಲೆ ನೆಲವನ್ನು 1.9 ಮೀಟರ್ ಎತ್ತರಿಸಿ ತಾತ್ಕಾಲಿಕ ಟ್ರ್ಯಾಕ್ ಹಾಕಿತು, ಮುಗಿದ ಮೇಲೆ ಬಿಚ್ಚಿತು. ಜರ್ಮನಿಯ ಸ್ಟುಟ್‌ಗಾರ್ಟ್ ಟ್ರ್ಯಾಕ್ ತೆಗೆದು ಸ್ಟ್ಯಾಂಡ್ ಮುಂದೆ ತಂದಿತು. ಇಟಲಿಯ ಯುವೆಂಟಸ್ ಕ್ಲಬ್ ಹಳೆಯ ಡೆಲ್ಲೆ ಆಲ್ಪಿ ಕ್ರೀಡಾಂಗಣವನ್ನೇ ಕೆಡವಿ ಅದೇ ಜಾಗದಲ್ಲಿ 2011ರಲ್ಲಿ ಚಿಕ್ಕದೊಂದನ್ನು ಕಟ್ಟಿಕೊಂಡಿತು. ಬರ್ಲಿನ್‌ನಲ್ಲಿ ಮಾತ್ರ ಇದು ಸುಲಭವಲ್ಲ. ಒಲಿಂಪಿಯಾಸ್ಟೇಡಿಯನ್ ರಕ್ಷಿತ ಸ್ಮಾರಕ, ಅದರ ನೀಲಿ ಟ್ರ್ಯಾಕ್ ಸುತ್ತಲೇ ಹೆರ್ತಾ ಕ್ಲಬ್ಬಿನ ಅಭಿಮಾನಿಗಳು ಕೂರಬೇಕು.

ಓಟಗಾರರ ಮೇಲೆ ಸಿಟ್ಟು ಹರಿಸುವುದರಲ್ಲಿ ಅರ್ಥವಿಲ್ಲ, ಅವರಿಗೂ ಇದರಲ್ಲಿ ಸುಖವಿಲ್ಲ. 7.26 ಕಿಲೋ ತೂಕದ ಹ್ಯಾಮರ್ ಬಿದ್ದಲ್ಲೆಲ್ಲ ಹುಲ್ಲಿನಲ್ಲಿ ಕುಳಿ ಬೀಳುತ್ತದೆ. ಹೀಗಾಗಿ ಫುಟ್‌ಬಾಲ್ ಸೀಸನ್ನಿನಲ್ಲಿ ಎಸೆತದ ಅಭ್ಯಾಸಕ್ಕೆ ಒಳ ಮೈದಾನ ಸಿಗುವುದು ಕಷ್ಟ.

ಸೀಟು ಆರಿಸುವಾಗ ಬ್ಲಾಕ್ ನಕ್ಷೆ ನಂಬಬೇಡಿ. ಅದರಲ್ಲಿ ಟ್ರ್ಯಾಕ್ ಅನ್ನು ತೆಳುಗೆರೆಯಾಗಿ ಬರೆದಿರುತ್ತಾರೆ. ಉಪಗ್ರಹ ಚಿತ್ರ ತೆರೆದು ಗೋಲ್ ಲೈನ್‌ನಿಂದ ಸ್ಟ್ಯಾಂಡಿನ ಅಂಚಿಗೆ ಅಳೆಯಿರಿ. 30 ಮೀಟರ್ ದಾಟಿದರೆ ಆ ತುದಿ ಬಿಡಿ. ಗೋಲಿನ ಹಿಂದೆಯೇ ಕೂರಬೇಕಾಗಿ ಬಂದರೆ ಮೇಲ್ಹಂತ ಕೇಳಿ, ಎಂಟು ಪಟ್ಟಿನ ದುರ್ಬೀನು ಜೊತೆಗಿರಲಿ. ಅದಕ್ಕಿಂತ ಶಕ್ತಿಯದಾದರೆ ಕೈ ನಡುಗಿ ಚೆಂಡು ತಪ್ಪುತ್ತದೆ. ಟಿಕೆಟ್ ನವೀಕರಿಸುವ ಮುನ್ನ ಆ ವರ್ಷದ ಅಥ್ಲೆಟಿಕ್ಸ್ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ದೊಡ್ಡ ಕೂಟವಿದ್ದರೆ ಎಷ್ಟು ತವರು ಪಂದ್ಯಗಳು ಬೇರೆಡೆಗೆ ಹೋಗುತ್ತವೆ, ಅದಕ್ಕೆ ಹಣ ವಾಪಸ್ ಉಂಟೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.