ಫ್ಲೈಟ್‌ನಲ್ಲಿ ಸ್ಕಿನ್‌ಕೇರ್ ಮಾಡೋಕೋಗಿ ಮುಖ ಸುಟ್ಕೊಂಡೆ, ನೀವ್ ಮಾಡ್ಬೇಡಿ

ಅಮೆರಿಕ ಇಮಿಗ್ರೇಷನ್‌ನೋರ ಕಂಪ್ಯೂಟರಲ್ಲಿ ನನ್ನದೊಂದು ಫೋಟೋ ಇದೆ, ಅದ್ರಲ್ಲಿ ನನ್ನ ಮುಖ ಮಾಗಿದ ಟೊಮೇಟೊ. ಅದು ಹೇಗಾಯ್ತು ಅಂತ ಪೂರ್ತಿ ಬರೀತೀನಿ, ಈ ಬೇಸಿಗೆಲಿ ಬಾಣಂತನ, ಕಾನ್ವೊಕೇಷನ್ ಅಂತ ಲಾಂಗ್ ಫ್ಲೈಟ್ ಹತ್ತೋರು ದಯವಿಟ್ಟು ಓದ್ಬಿಡಿ.

ಜನವರಿಲಿ ಅಕ್ಕನ ಬಾಣಂತನಕ್ಕೆ ಅಮ್ಮನ್ನ ಕರ್ಕೊಂಡು ಚಿಕಾಗೋಗೆ ಹೊರಟಿದ್ದೆ. ಬೆಂಗಳೂರಿಂದ ಗಲ್ಫ್‌ಗೆ ನಾಲ್ಕೂವರೆ ಗಂಟೆ, ಅಲ್ಲಿ ಇಳಿದು ಮತ್ತೆ ಹತ್ತಿದ್ರೆ ಹದಿನಾಲ್ಕು ಗಂಟೆ ಮೇಲೆ. ಹೊರಡೋಕೆ ಒಂದು ವಾರ ಮುಂಚಿಂದ ನನ್ನ ಫೋನ್ ತುಂಬಾ ಅದೇ ರೀಲ್ಸು, ಯಾರೋ ಒಬ್ಳು ವಿಂಡೋ ಸೀಟಲ್ಲಿ ಕೂತು ಮುಖ ಒರೆಸಿ ಟೋನರ್ ಹಚ್ಚಿ ಸೀರಮ್ ಹಚ್ಚಿ ಶೀಟ್ ಮಾಸ್ಕ್ (ಸೀರಮಲ್ಲಿ ನೆನೆಸಿದ ತೆಳು ಹಾಳೆ) ಹಾಕ್ಕೊಂಡು ಮಲಗ್ತಾಳೆ, ಇಳಿಯೋವಾಗ ಆರತಕ್ಷತೆಗೆ ರೆಡಿಯಾದ ಮದುಮಗಳ ಥರ ಇಳೀತಾಳೆ. ನಾನೂ ತಗೊಂಡೆ: ಸತ್ತ ಚರ್ಮ ಉದುರಿಸೋ ಗ್ಲೈಕೋಲಿಕ್ ಆಸಿಡ್ ಪ್ಯಾಡು, 30 ಎಂಎಲ್ ವಿಟಮಿನ್ ಸಿ ಸೀರಮ್, ಒಂದು ಪುಟಾಣಿ ಫೇಸ್ ಮಿಸ್ಟು, ಐದು ಶೀಟ್ ಮಾಸ್ಕು. ಜೊತೆಗೆ ದಿನಾ ಹಚ್ಚೋ ಸಾದಾ ಮಾಯಿಶ್ಚರೈಸರ್ ಟ್ಯೂಬು. ಇಷ್ಟೂ ಸಾಲ್ದು ಅಂತ ಹೊರಡೋ ಹಿಂದಿನ ರಾತ್ರಿ ರೆಟಿನಾಲ್ (ವಿಟಮಿನ್ ಎ ಜಾತಿದು, ಚರ್ಮ ಒಣಗಿಸಿ ಸಿಪ್ಪೆ ಏಳಿಸೋದೂ ಉಂಟು) ಬೇರೆ ಹಚ್ಕೊಂಡು ಮಲಗಿದ್ದೆ, ಬುದ್ಧಿವಂತಿಕೆ ನೋಡಿ.

ಬೆಂಗಳೂರು ಸೆಕ್ಯುರಿಟಿಲಿ ಮಾಯಿಶ್ಚರೈಸರ್ ತೆಗೆದಿಟ್ರು. ಟ್ಯೂಬಲ್ಲಿ ಕಾಲುಭಾಗನೂ ಇರ್ಲಿಲ್ಲ, ಹಿಂಡಿ ಹಿಂಡಿ ಸುರುಳಿ ಸುತ್ತಿದ್ದೆ, ಆದ್ರೆ ಮೇಲೆ ಪ್ರಿಂಟ್ ಆಗಿರೋದು 150 ಎಂಎಲ್. ಒಳಗೆ ಎಷ್ಟು ಉಳಿದಿದೆ ಅನ್ನೋದು ಲೆಕ್ಕಕ್ಕೇ ಇಲ್ಲ, ಟ್ಯೂಬು ಎಷ್ಟು ಹಿಡಿಯತ್ತೆ ಅನ್ನೋದೇ ಲೆಕ್ಕ, ಒಂದೊಂದೂ 100 ಎಂಎಲ್ ಒಳಗಿರ್ಬೇಕು, ಎಲ್ಲಾ ಸೇರಿ ಒಂದು ಲೀಟರಿನ ಟ್ರಾನ್ಸ್‌ಪರೆಂಟ್ ಜಿಪ್ ಕವರಲ್ಲಿ ಹಿಡಿಸ್ಬೇಕು. 2006ರಲ್ಲಿ ಲಂಡನ್ನಿಂದ ಹೊರಡೋ ವಿಮಾನಗಳಲ್ಲಿ ಕೂಲ್‌ಡ್ರಿಂಕ್ ಬಾಟ್ಲಿಲಿ ಸ್ಫೋಟಕ ಸಾಗಿಸೋ ಸಂಚು ಸಿಕ್ಕಿಬಿದ್ದ ಮೇಲೆ ಬಂದಿರೋ ರೂಲ್ಸು ಇದು. ಕೆಲವು ಏರ್‌ಪೋರ್ಟಲ್ಲಿ ಹೊಸ ಸ್ಕ್ಯಾನರ್ ಬಂದು ಸಡಿಲ ಮಾಡಿದಾರೆ, ಆದ್ರೆ ನಿಮ್ಮ ದಾರಿಲಿರೋ ಎಲ್ಲಾ ಕಡೆನೂ ಸಡಿಲ ಇರ್ಬೇಕಲ್ಲ, ಟ್ರಾನ್ಸಿಟಲ್ಲಿ ಇನ್ನೊಂದ್ಸಲ ಚೆಕ್ ಮಾಡಿದ್ರೆ ಅಲ್ಲಿ ಹೋಗತ್ತೆ.

ನನ್ನ ಹಿಂದೆ ಅಮ್ಮ. ಅವಳ ಬ್ಯಾಗಲ್ಲಿ 200 ಎಂಎಲ್ ಕೊಬ್ಬರಿ ಎಣ್ಣೆ ಬಾಟ್ಲಿ. 24 ಡಿಗ್ರಿ ಕೆಳಗೆ ಹೋದ್ರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟತ್ತಲ್ಲ, ಜನವರಿ ರಾತ್ರಿ ಬೇರೆ, ಕಲ್ಲಾಗಿತ್ತು. ಅಮ್ಮ ಬಾಟ್ಲಿ ತಲೆಕೆಳಗೆ ಮಾಡಿ ತೋರಿಸಿ "ನೋಡಮ್ಮಾ, ಒಂದ್ ಹನಿ ಬೀಳಲ್ಲ, ಇದ್ಯಾವ ಲಿಕ್ವಿಡ್ಡು?" ಅಂದ್ಲು. ಆ ಸೆಕ್ಯುರಿಟಿ ಹುಡುಗಿಗೆ ನಗು ತಡೆಯೋಕಾಗ್ಲಿಲ್ಲ, ಆದ್ರೆ ಬಾಟ್ಲಿ ಡಬ್ಬಕ್ಕೇ ಹೋಯ್ತು. ಕ್ರೀಮು, ಜೆಲ್ಲು, ಟೂತ್‌ಪೇಸ್ಟು, ಹೀಗೆ ಗಟ್ಟಿಯಾದ ಎಣ್ಣೆ, ಎಲ್ಲಾನೂ ಲಿಕ್ವಿಡ್ಡೇ ಅವ್ರ ಪ್ರಕಾರ.

ಇಲ್ಲಿ ನಂಗಾಗಿದ್ದೇನು ಅಂದ್ರೆ, ಚರ್ಮಕ್ಕೆ ನಿಜವಾಗ್ಲೂ ಬೇಕಿದ್ದ ಎರಡೂ ಸಾಮಾನು ದೊಡ್ಡ ಬಾಟ್ಲಿಲಿತ್ತು ಅಂತ ಹೋಯ್ತು, ಉರಿಯೋ ಸಾಮಾನೆಲ್ಲಾ ಚಿಕ್ಕ ಚಿಕ್ಕ ಬಾಟ್ಲಿ ಅಂತ ಪಾಸಾಯ್ತು. ಆಗ ಅದು ಹೊಳೀಲೇ ಇಲ್ಲ, ಸೀರಮ್ ಉಳೀತಲ್ಲ ಅಂತ ಖುಷಿಯಾಗಿದ್ದೆ ನಾನು.

ಎರಡನೇ ಫ್ಲೈಟಲ್ಲಿ ಊಟ ಆಗಿ ಲೈಟ್ ಆರಿಸಿದ ಮೇಲೆ ಶುರು ಮಾಡಿದೆ. ಜಿಪ್ ಕವರ್ ತೆಗೆದ್ರೆ ಒಳಗೆಲ್ಲಾ ಅಂಟಂಟು, ಸೀರಮ್ ಅರ್ಧ ಸೋರಿ ಲೆನ್ಸ್ ಡಬ್ಬಿ ಮೇಲೆಲ್ಲಾ ಕಿತ್ತಳೆ ಬಣ್ಣ. ಕ್ಯಾಬಿನ್ ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇದ್ದ ಹಾಗಿರತ್ತೆ, ಅಂದ್ರೆ ಮುಳ್ಳಯ್ಯನಗಿರಿ ತುದಿಲೋ ಅದಕ್ಕಿಂತ ಮೇಲೋ ಕೂತ ಹಾಗೆ. ಬಾಟ್ಲಿ ಒಳಗೆ ನಮ್ಮೂರಿನ ಗಾಳಿ ಇರತ್ತಲ್ಲ, ಅದು ಮೇಲೋಗ್ತಾ ಉಬ್ಬಿ ಒಳಗಿರೋದನ್ನ ಹೊರಗೆ ದಬ್ಬತ್ತೆ, ಅದ್ರಲ್ಲೂ ಡ್ರಾಪರ್ ಬಾಟ್ಲಿ ಆದ್ರೆ ಕೇಳೋದೇ ಬೇಡ.

ಸರಿ, ಉಳಿದಿದ್ದಾದ್ರೂ ಹಚ್ಚೋಣ ಅಂತ ಪ್ಯಾಡಲ್ಲಿ ಮುಖ ಒರೆಸಿ, ಸೀರಮ್ ಹಚ್ಚಿ, ಮಾಸ್ಕ್ ಹಾಕ್ಕೊಂಡೆ. ಅಮ್ಮ ಎಚ್ಚರಾಗಿ ನೋಡಿ "ಏನೇ ಇದು, ಮುಖಕ್ಕೆ ನೀರ್‌ದೋಸೆ ಅಂಟಿಸ್ಕೊಂಡಿದೀಯ" ಅಂದ್ಲು. ನಕ್ಕೊಂಡು ಹಾಗೇ ನಿದ್ದೆ ಹೋದೆ, ಎದ್ದಾಗ ಒಂದೂವರೆ ಗಂಟೆ ಆಗಿತ್ತು, ಮಾಸ್ಕು ಒಣಗಿ ಹಪ್ಪಳ ಆಗಿ ಗಲ್ಲಕ್ಕೆ ಕಚ್ಕೊಂಡಿತ್ತು. ಕೀಳೋವಾಗ್ಲೇ ಉರಿ. ವಿಮಾನದೊಳಗಿನ ಗಾಳಿಲಿ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಮ್ಮಿ, ಅಷ್ಟು ಎತ್ತರದ ಗಾಳಿಲಿ ನೀರಿನ ಪಸೆನೇ ಇರಲ್ಲ. ಹಚ್ಚಿದ್ದ ನೀರು ಆರೋವಾಗ ಮೇಲೆ ತಡೆಯೋಕೆ ಕ್ರೀಮ್ ಒಂದಿಲ್ಲ, ಆಸಿಡ್ಡು, ರೆಟಿನಾಲ್ ಸೇರಿ ಚರ್ಮ ಮೊದ್ಲೇ ತೆಳುವಾಗಿ ಕೂತಿದೆ. ತಂಪಾಗ್ಲಿ ಅಂತ ಮಿಸ್ಟ್ ಹೊಡ್ಕೊಂಡೆ, ಎರಡು ನಿಮಿಷ ಹಾಯ್ ಅನ್ನಿಸಿ ಆಮೇಲೆ ಇನ್ನೂ ಬಿಗಿಯಾಯ್ತು. ಟಾಯ್ಲೆಟಲ್ಲಿ ಇಟ್ಟಿದ್ದ ಲೋಷನ್ ಹಚ್ಚಿದೆ ನೋಡಿ, ಅದ್ರ ತುಂಬಾ ಸೆಂಟು, ಮೆಣಸಿನಪುಡಿ ಎರಚಿದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಆ ನೀರೂ ಉರೀತು.

ಕೊನೆಗೆ ಅಮ್ಮ ಪರ್ಸಿಂದ ಒಂದು ಚಿಕ್ಕ ಹಿತ್ತಾಳೆ ಡಬ್ಬಿ ತೆಗೆದ್ಲು. ಕುಂಕುಮ ನಿಲ್ಲೋಕೆ ಅಡಿಗೆ ಹಚ್ಕೊಳ್ಳೋ ವ್ಯಾಸಲೀನ್, ಹಿಂದೆ ಮೇಣ ಇಟ್ಕೋತಿದ್ರಲ್ಲ, ಅದ್ರ ಬದ್ಲು. ಕತ್ತಲಲ್ಲಿ ಎರಡೂ ಕೆನ್ನೆಗೆ ತೆಳ್ಳಗೆ ಸವರಿದ್ಲು, ಹತ್ತು ನಿಮಿಷಕ್ಕೆ ಎಳೆತ ಕಮ್ಮಿಯಾಗಿ ನಿದ್ದೆ ಬಂತು. ಚಿಕಾಗೋದಲ್ಲಿ ಇಳಿದ ಮೇಲೆ ಗೊತ್ತಾಯ್ತು, ಡಬ್ಬಿ ಒಳಗೆ ಅವಳ ಬೆರಳಿಂದ ಬಿದ್ದ ಕುಂಕುಮನೂ ಸೇರಿತ್ತು. ಅಂದ್ರೆ ಆ ಫೋಟೋಲಿರೋ ಕೆಂಪಲ್ಲಿ ಅರ್ಧ ಆಸಿಡ್ದು, ಅರ್ಧ ಕುಂಕುಮದ್ದು. ಆಫೀಸರ್ ನನ್ನ ಮುಖ, ಪಾಸ್‌ಪೋರ್ಟು, ಮತ್ತೆ ಮುಖ ನೋಡಿ ಹುಷಾರಾಗಿದೀರಾ ಅಂತ ಕೇಳಿದ್ರು.

ಆಮೇಲೆ ಹತ್ತು ದಿನ ಸಿಪ್ಪೆ ಎದ್ದಿತ್ತು, ಆ ಚಳಿ, ಮನೆಯೊಳಗಿನ ಹೀಟರ್ ಗಾಳಿ ಬೇರೆ. ನಮ್ಮೂರ ಸ್ಕಿನ್ ಡಾಕ್ಟರ್ ವಿಡಿಯೋ ಕಾಲಲ್ಲಿ ನೋಡಿ ಎಲ್ಲಾ ನಿಲ್ಸಿ, ಸೆಂಟಿಲ್ಲದ ದಪ್ಪ ಕ್ರೀಮ್ ಹಚ್ಚಿ ಸಾಕು ಅಂದ್ರು, ಅಷ್ಟಕ್ಕೇ ವಾಸಿಯಾಯ್ತು.

ಹಾಗಾಗಿ ರೆಟಿನಾಲು, ಆಸಿಡ್ಡು ಇದನ್ನೆಲ್ಲಾ ಹೊರಡೋ ಎರಡ್ಮೂರು ದಿನ ಮುಂಚೆನೇ ಬಿಡಿ, ಇಳಿದು ಮುಖ ಸರಿಹೋಗೋವರೆಗೂ ಮುಟ್ಬೇಡಿ. ಹಳೇ ಕ್ರೀಮನ್ನೇ 50 ಎಂಎಲ್ ಡಬ್ಬಿಗೆ ತುಂಬ್ಕೊಳ್ಳಿ, ಹೊಸ ಬ್ರ್ಯಾಂಡ್ ಟ್ರೈ ಮಾಡೋ ಜಾಗ ಅಲ್ಲ ಅದು. ಲಿಪ್ ಬಾಮ್ ಸ್ಟಿಕ್ಕು, ವ್ಯಾಸಲೀನ್ ಜೇಬಲ್ಲೇ ಇರ್ಲಿ, ಮೇಲಿನ ಕ್ಯಾಬಿನಲ್ಲಿ ಇಟ್ರೆ ಪಕ್ಕದೋರು ಮಲಗಿದಾಗ ಎದ್ದು ತೆಗೆಯೋಕಾಗಲ್ಲ. ಲೆನ್ಸ್ ಹಾಕೋರು ಕನ್ನಡಕ ಹಾಕ್ಕೊಂಡೇ ಹತ್ತಿ, ನನ್ನ ಸಲ್ಯೂಷನ್ ದೊಡ್ಡ ಬಾಟ್ಲಿ ಅಂತ ಚೆಕ್‌ಇನ್‌ಗೆ ಹೋಗಿತ್ತು, ಕಣ್ಣಲ್ಲಿ ಮರಳು ಇಟ್ಕೊಂಡ್ ಹಾಗೆ ಕೂತಿದ್ದೆ.

ಇನ್ನು ಸೋರೋದಕ್ಕೆ, ಪ್ಲಾಸ್ಟಿಕ್ ಬಾಟ್ಲಿ ಆದ್ರೆ ಮೆತ್ತಗೆ ಹಿಂಡಿ ಗಾಳಿ ತೆಗೆದು ಮುಚ್ಚಿ, ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಕವರ್ ಇಟ್ಟು ತಿರುಗಿಸಿ. ಅಮ್ಮ ಬಾಣಂತಿಗೆ ಅಂತ ಚೆಕ್‌ಇನ್‌ನಲ್ಲಿ ಹಾಕಿದ್ದ ಒಂದು ಲೀಟರ್ ಹರಳೆಣ್ಣೆಗೆ ಹಾಗೇ ಮಾಡಿ ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ಹಳೇ ಟವೆಲ್ ಸುತ್ತಿದ್ಲು. ಅಕ್ಕನ ಮನೇಲಿ ಬಿಚ್ಚಿ ನೋಡಿದ್ರೆ ಟವೆಲ್‌ಗೆ ಒಂದ್ ಹನಿ ಕಲೆ ಇರ್ಲಿಲ್ಲ.