ಬರ್ಕ್‌ನ ಭಾಷಣವೋ, ಪೇನ್‌ನ ಕಿರುಹೊತ್ತಿಗೆಯೋ?

ಹದಿನೆಂಟನೆಯ ಶತಮಾನದ ಬ್ರಿಟಿಷ್ ರಾಜಕೀಯ ಬರಹಗಳನ್ನು ಎಲ್ಲಿಂದ ಓದಲು ಶುರುಮಾಡಬೇಕು? ಕನ್ನಡಿಗರು ಕೇಳಿದರೆ ನಾನು ಹೆಸರಿಸುವುದು ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಸಂಸದ ಎಡ್ಮಂಡ್ ಬರ್ಕ್ 1785ರ ಫೆಬ್ರವರಿ 28ರಂದು ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಮಾಡಿದ ಭಾಷಣವನ್ನು. 1780ರಲ್ಲಿ ಹೈದರ್ ಅಲಿ ಘಟ್ಟವಿಳಿದು ಆ ನವಾಬನ ಕರ್ನಾಟಿಕ್ ಸೀಮೆಯ ಮೇಲೆ ಎರಗಿದ ಚಿತ್ರ ಅದರಲ್ಲಿದೆ: ಬೆಟ್ಟದ ಇಳಿಜಾರಿನಲ್ಲಿ ಕವಿದು ನಿಂತ ಕಾರ್ಮೋಡ ಒಮ್ಮೆಲೇ ಒಡೆದು ಬಯಲಿಗೆ ಸುರಿದಂತೆ. ಬೈಯುವುದು ನವಾಬನಿಗೆ ಸಾಲ ಕೊಟ್ಟ ಈಸ್ಟ್ ಇಂಡಿಯಾ ಕಂಪನಿಯವರನ್ನು, ಮೈನಡುಗಿಸುವುದು ನಮ್ಮ ಹೈದರ್! ಆದರೆ ವಾಕ್ಯಗಳು ಉದ್ದುದ್ದ, ನಡುನಡುವೆ ಬಡ್ಡಿಯ ಲೆಕ್ಕ.

ಅಷ್ಟು ವ್ಯವಧಾನವಿಲ್ಲದವರು ಥಾಮಸ್ ಪೇನ್ 1791ರಲ್ಲಿ, ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಬರೆದಿದ್ದ ಇದೇ ಬರ್ಕ್‌ಗೆ ಉತ್ತರವಾಗಿ ಬರೆದ ‘ರೈಟ್ಸ್ ಆಫ್ ಮ್ಯಾನ್’ ಹಿಡಿಯಲಿ. ಹಿಂದೆ ಹೆಂಗಸರ ಒಳಕುಪ್ಪಸ ಹೊಲಿಯುತ್ತಿದ್ದವನ ಮಾತು ನೇರ, ಚುರುಕು. ಅದರ ಎರಡನೆಯ ಭಾಗಕ್ಕಾಗಿ ಸರ್ಕಾರ 1792ರಲ್ಲಿ ಮೊಕದ್ದಮೆಯನ್ನೇ ಹೂಡಿತು.

ಒಂದು ಎಚ್ಚರಿಕೆ: 1771ಕ್ಕಿಂತ ಹಿಂದಿನ ಭಾಷಣಗಳನ್ನು ಅಕ್ಷರಶಃ ನಂಬಬೇಡಿ. ಆಗ ಕಲಾಪವನ್ನು ಅಚ್ಚುಮಾಡುವುದಕ್ಕೇ ಸಂಸತ್ತಿನ ನಿಷೇಧವಿತ್ತು. 1740ರ ದಶಕದ ಆರಂಭದ ಎಷ್ಟೋ ‘ಭಾಷಣ’ಗಳನ್ನು ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಸಭೆಗೆ ಹೋಗದೆಯೇ, ಯಾರೋ ತಂದುಕೊಟ್ಟ ಟಿಪ್ಪಣಿ ನೋಡಿಕೊಂಡು ಬರೆದಿದ್ದ.